ಫ್ರೇಮಿನ ಹೊರಗೆ ಉಳಿದ ಎರಡು ಸಾಲು

ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಬರಹ ನೇರವಾಗಿ ಪುಟದ ಮೇಲೆ ಕೂರುವುದಿಲ್ಲ. ಮೊದಲು ಒಂದು ಟೆಕ್ಸ್ಟ್ ಫ್ರೇಮ್ ಎಳೆಯಬೇಕು, ಬರಹ ಅದರೊಳಗೆ ಹರಿಯಬೇಕು. ಬರಹ ಹೆಚ್ಚಾಗಿ ಫ್ರೇಮ್ ಸಾಲದೆ ಹೋದರೆ ಬಲಗಡೆಯ ಕೆಳಮೂಲೆಯಲ್ಲಿ ಒಂದು ಕೆಂಪು ಪ್ಲಸ್ ಗುರುತು ಕಾಣಿಸುತ್ತದೆ. ಮಿಕ್ಕ ಸಾಲುಗಳು ಫೈಲಿನಲ್ಲಿ ಇರುತ್ತವೆ, ಪುಟದಲ್ಲಿ ಇರುವುದಿಲ್ಲ. ಯಾರೂ ಗಮನಿಸದೆ ಅಚ್ಚಿಗೆ ಹೋದರೆ ಓದುಗರಿಗೆ ಅವು ಸಿಗುವುದೇ ಇಲ್ಲ. ಡಿಟಿಪಿಯವರು ಇದಕ್ಕೆ ಓವರ್‌ಸೆಟ್ ಎನ್ನುತ್ತಾರೆ.

ನಾಲ್ಕು ಪುಟದ ಕರಪತ್ರದಲ್ಲಿ ಇದು ದೊಡ್ಡ ವಿಷಯವಲ್ಲ. ನೂರಾರು ಪುಟಗಳ ಕೋಶದಲ್ಲೋ ಕ್ಯಾಟಲಾಗಿನಲ್ಲೋ ಒಂದೊಂದು ನಮೂದಿಗೂ ಬೇರೆ ಬೇರೆ ಫ್ರೇಮ್ ಇರುವಾಗ ಮಾತ್ರ ಇದೇ ದಿನಗಟ್ಟಲೆಯ ಕೆಲಸವಾಗುತ್ತದೆ. ಅಂಥಲ್ಲಿ ಸ್ಕ್ರಿಪ್ಟ್ ಬರುತ್ತದೆ. ಜಾವಾಸ್ಕ್ರಿಪ್ಟಿನ ಹತ್ತು ಸಾಲು ಸಾಕು: ಡಾಕ್ಯುಮೆಂಟಿನ ಫ್ರೇಮುಗಳನ್ನೆಲ್ಲ ಒಂದೊಂದಾಗಿ ಹಿಡಿ, ‘ಓವರ್‌ಫ್ಲೋಸ್’ ಎಂಬ ಗುಣ ನಿಜವೋ ಸುಳ್ಳೋ ಕೇಳು, ನಿಜವಾಗಿದ್ದರೆ ‘ಫಿಟ್’ ಎಂಬ ಆಜ್ಞೆ ಕೊಟ್ಟು ಫ್ರೇಮನ್ನು ಬರಹದಷ್ಟು ಉದ್ದಮಾಡು. ತಂತ್ರಾಂಶದ ಜೊತೆಗೇ ಕೆಲವು ಮಾದರಿ ಸ್ಕ್ರಿಪ್ಟುಗಳೂ ಬರುತ್ತವೆ. ‘ಸ್ಪ್ಲಿಟ್‌ಸ್ಟೋರಿ’ ಎಂಬುದು ಒಂದಕ್ಕೊಂದು ಕೊಂಡಿ ಹಾಕಿದ ಫ್ರೇಮುಗಳನ್ನು, ಅವುಗಳೊಳಗಿನ ಬರಹ ಕದಲದಂತೆ, ಬಿಡಿಬಿಡಿಯಾಗಿಸುತ್ತದೆ. ‘ಬ್ರೇಕ್‌ಫ್ರೇಮ್’ ಎಂಬುದು ಆಯ್ದ ಫ್ರೇಮನ್ನು ಅದರ ಬರಹದ ಸಮೇತ ಸರಪಣಿಯಿಂದ ಹೊರಗೆ ತೆಗೆಯುತ್ತದೆ. ಕೈಯಲ್ಲಿ ಇಡೀ ಮಧ್ಯಾಹ್ನ ಬೇಡುವ ಕೆಲಸ ಒಂದು ಲೋಟ ಕಾಫಿ ಮುಗಿಯುವುದರೊಳಗೆ ಆಗಿಹೋಗುತ್ತದೆ.

ಹಾಗಾದರೆ ಆ ಕೆಲಸ ಮಾಡಿದವರು ಯಾರು? ಪ್ರಶ್ನೆ ತಾಂತ್ರಿಕವಾಗಿ ಕಂಡರೂ ಇದರ ಬೇರು ಧರ್ಮಚಿಂತನೆಯಲ್ಲಿದೆ. ಅಕ್ಷರ ಜೋಡಿಸುವ ಕೆಲಸ ಕೈಯಿಂದ ಯಂತ್ರಕ್ಕೆ ದಾಟಿದಾಗಲೆಲ್ಲ ಮನುಷ್ಯರು ಇದನ್ನು ಕೇಳಿಕೊಂಡಿದ್ದಾರೆ, ಮತ್ತು ಮೊದಲು ಕೇಳಿಕೊಂಡವರಲ್ಲಿ ಮಠದವರೂ ಇದ್ದರು.

ಜರ್ಮನಿಯ ಸ್ಪೋನ್‌ಹೈಮ್ ಮಠದ ಅಧಿಪತಿ ಯೊಹಾನೆಸ್ ಟ್ರಿಥೇಮಿಯಸ್ 1492ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಪುಸ್ತಕ ಬರೆದರು. ಲಿಪಿಕಾರರ ಸ್ತುತಿಯೇ ಅದರ ವಿಷಯ. ಗುಟೆನ್‌ಬರ್ಗ್ ಮುದ್ರಣ ಶುರುವಾಗಿ ಆಗಲೇ ನಾಲ್ಕು ದಶಕ ಕಳೆದಿತ್ತು. ಅಚ್ಚಿನ ಮನೆಗಳು ಊರೂರಿಗೆ ಹಬ್ಬುತ್ತಿರುವಾಗ ಸನ್ಯಾಸಿಗಳು ಇನ್ನೂ ಕೈಯಲ್ಲಿ ಗ್ರಂಥ ನಕಲು ಮಾಡುತ್ತ ಕೂರಬೇಕೇ? ಕೂರಬೇಕು ಎಂದರು ಟ್ರಿಥೇಮಿಯಸ್. ಅವರ ಒಂದು ವಾದ ಬಾಳಿಕೆಯದು: ಚರ್ಮದ ಹಾಳೆ ಸಾವಿರ ವರ್ಷ ಉಳಿಯುತ್ತದೆ, ಕಾಗದ ಇನ್ನೂರು ವರ್ಷ ಉಳಿದರೆ ಹೆಚ್ಚು. ಕಾಗದದ ವಿಷಯದಲ್ಲಿ ಅವರ ಲೆಕ್ಕ ತಪ್ಪಿತು. ಆ ಕಾಲದ ಅಚ್ಚುಪುಸ್ತಕಗಳು ಐನೂರು ವರ್ಷ ದಾಟಿ ಇವತ್ತಿಗೂ ಗಟ್ಟಿಯಾಗಿವೆ. ಇನ್ನೊಂದು ವಾದ ಅಷ್ಟು ಸುಲಭವಾಗಿ ಬಿದ್ದುಹೋಗುವಂಥದ್ದಲ್ಲ. ಪವಿತ್ರ ವಾಕ್ಯವನ್ನು ಅಕ್ಷರ ಅಕ್ಷರವಾಗಿ ಬರೆಯುವವನ ಮನಸ್ಸಿನಲ್ಲಿ ಅದು ಓದುವವನಿಗಿಂತ ಆಳವಾಗಿ ಇಳಿಯುತ್ತದೆ. ಆ ಶ್ರಮವೇ ಅವನ ಪ್ರಾರ್ಥನೆ.

ಈ ಪುಸ್ತಕ 1494ರಲ್ಲಿ ಮೈಂಟ್ಸ್ ನಗರದಲ್ಲಿ ಅಚ್ಚಾಯಿತು. ಕೈಬರಹವನ್ನು ಹೊಗಳಿದ ಪುಸ್ತಕವನ್ನು ಅಚ್ಚು ಮಾಡಿಸಿದರೆಂದು ಟ್ರಿಥೇಮಿಯಸ್ ಅವರನ್ನು ಇಂದಿಗೂ ಹಾಸ್ಯ ಮಾಡುವವರಿದ್ದಾರೆ. ಅದು ಅನ್ಯಾಯ. ಅವರು ಮುದ್ರಣದ ಶತ್ರುವಾಗಿರಲಿಲ್ಲ. ಮಠದ ಗ್ರಂಥಭಂಡಾರವನ್ನು ಎರಡು ಸಾವಿರದಷ್ಟು ಸಂಪುಟಗಳಿಗೆ ಬೆಳೆಸಿದವರು, ಅದಕ್ಕಾಗಿ ಅಚ್ಚಾದ ಪುಸ್ತಕಗಳನ್ನೂ ಕೊಂಡವರು. ಅವರ ಮುಂದೆ ಇದ್ದದ್ದು ಎರಡು ಬೇರೆ ಪ್ರಶ್ನೆ. ಪುಸ್ತಕ ಓದುಗನಿಗೆ ತಲುಪುವುದು ಹೇಗೆ ಎಂಬುದು ಒಂದು. ಪುಸ್ತಕ ಮಾಡುವ ಕೆಲಸ ಮಾಡುವವನನ್ನು ಏನು ಮಾಡುತ್ತದೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅಚ್ಚಿನ ಯಂತ್ರ ಸರಿಯಾದ ಉತ್ತರ. ಎರಡನೆಯದಕ್ಕೆ ಅದರ ಬಳಿ ಉತ್ತರವೇ ಇಲ್ಲ.

ಈ ಎರಡನೆಯ ಪ್ರಶ್ನೆಯನ್ನು ಚೀನಾದ ಜ್ವಾಂಗ್‌ಜಿ ಗ್ರಂಥದ ಒಂದು ಕಥೆ ಬಹಳ ಹಿಂದೆಯೇ ಎತ್ತಿತ್ತು. ಕನ್‌ಫ್ಯೂಷಿಯಸ್‌ನ ಶಿಷ್ಯ ಜಿಗೊಂಗ್ ದಾರಿಯಲ್ಲಿ ಒಬ್ಬ ಮುದುಕನನ್ನು ನೋಡುತ್ತಾನೆ. ಬಾವಿಗೆ ಇಳಿದು, ಕೊಡ ತುಂಬಿ, ಹೊತ್ತು ತಂದು ತೋಟಕ್ಕೆ ನೀರು ಹಾಕುತ್ತಿರುತ್ತಾನೆ. ಏತ ಹೂಡಿದರೆ ದಿನಕ್ಕೆ ನೂರು ಮಡಿಗೆ ನೀರುಣಿಸಬಹುದಲ್ಲ ಎಂದು ಜಿಗೊಂಗ್ ಹೇಳಿದಾಗ ಮುದುಕ ಸಿಟ್ಟಾಗಿ ನಗುತ್ತಾನೆ. ಏತ ಗೊತ್ತಿಲ್ಲವೆಂದಲ್ಲ, ಬಳಸಲು ತನಗೆ ನಾಚಿಕೆ ಎನ್ನುತ್ತಾನೆ. ಯಂತ್ರ ಇದ್ದಲ್ಲಿ ಯಂತ್ರದ ವ್ಯವಹಾರ, ಅದರ ಬೆನ್ನಿಗೇ ಯಂತ್ರದಂಥ ಮನಸ್ಸು ಬರುತ್ತದೆ ಎಂಬುದು ಅವನ ಭಯ. ಕಥೆಯನ್ನು ಅಲ್ಲಿಗೇ ನಿಲ್ಲಿಸಿ ಹೇಳುವವರು ಹೆಚ್ಚು. ಮೂಲದಲ್ಲಿ ಅದು ಮುಂದುವರಿಯುತ್ತದೆ. ತಲೆತಗ್ಗಿಸಿ ಬಂದ ಶಿಷ್ಯನಿಗೆ ಕನ್‌ಫ್ಯೂಷಿಯಸ್ ಹೇಳುವುದೇನೆಂದರೆ, ಆ ಮುದುಕ ಒಂದನ್ನು ಬಲ್ಲ, ಎರಡನೆಯದನ್ನು ಅರಿಯ. ಒಳಗನ್ನು ಕಾಯುತ್ತಾನೆ, ಹೊರಗನ್ನಲ್ಲ.

ಪುಟ ಕಟ್ಟುವವರ ಮೇಜಿನ ಮುಂದೆ ನಿಂತು ಈ ಕಥೆಯನ್ನು ನೆನೆದರೆ ಮುದುಕನ ಪರ ವಹಿಸುವುದು ಕಷ್ಟ. ಅವನ ಕೊಡದ ಕೆಲಸದಲ್ಲಿ ಗಿಡಕ್ಕೂ ಅವನಿಗೂ ಸಂಬಂಧವಿದೆ. ಐನೂರನೆಯ ಫ್ರೇಮಿನ ಅಂಚನ್ನು ಮೌಸಿನಿಂದ ಎಳೆಯುವಾಗ ಯಾವ ಸಂಬಂಧ ಉಳಿದಿರುತ್ತದೆ? ಫ್ರಾನ್ಸಿನ ಸಿಮೋನ್ ವೇಯ್ ತತ್ವಶಾಸ್ತ್ರದ ಅಧ್ಯಾಪಕಿ. 1934ರ ಡಿಸೆಂಬರಿನಲ್ಲಿ ಪಾಠ ಬಿಟ್ಟು ಕಾರ್ಖಾನೆಗೆ ಸೇರಿದರು. ಆಲ್ಸ್ಟಮ್‌ನಲ್ಲಿ, ಕೊನೆಗೆ ರೆನೋ ಕಾರ್ಖಾನೆಯಲ್ಲಿ, 1935ರ ಆಗಸ್ಟಿನವರೆಗೆ ನಡುನಡುವೆ ಬಿಡುವಾಗುತ್ತ ದುಡಿದರು. ಒಂದೇ ಚಲನೆಯನ್ನು ಗಡಿಯಾರದ ಜೊತೆ ಓಡುತ್ತ ಮಾಡುವ ದುಡಿಮೆ ಯೋಚನೆಯನ್ನೇ ನಿಲ್ಲಿಸಿಬಿಡುತ್ತದೆ ಎಂಬುದು ಅವರು ಮೈಯಿಂದ ಕಲಿತ ಪಾಠ. ಇದೇ ವೇಯ್ ಮುಂದೆ ಪ್ರಾರ್ಥನೆಯ ತಿರುಳೇ ಗಮನ ಎಂದು ಬರೆದರು. ಎರಡನ್ನೂ ಒಟ್ಟಿಗೆ ಓದಬೇಕು. ಗಮನವನ್ನು ಕೊಲ್ಲುವ ಪುನರಾವರ್ತನೆಗೆ ಕೈಯ ಕೆಲಸ ಎಂಬ ಒಂದೇ ಕಾರಣಕ್ಕೆ ಪಾವಿತ್ರ್ಯ ಬರುವುದಿಲ್ಲ. ಅಂಥ ಕೆಲಸವನ್ನು ಸ್ಕ್ರಿಪ್ಟಿಗೆ ಬಿಟ್ಟುಕೊಟ್ಟರೆ ಕಳೆದುಹೋಗುವುದು ಏನೂ ಇಲ್ಲ.

ಏನೂ ಇಲ್ಲವೇ? ಇಲ್ಲೊಂದು ಸೂಕ್ಷ್ಮವಿದೆ, ಅದನ್ನು ಅನುಭವಸ್ಥ ವಿನ್ಯಾಸಕರು ಬಲ್ಲರು. ಫ್ರೇಮನ್ನು ಕೈಯಲ್ಲಿ ಎಳೆಯುವಾಗ ಕಣ್ಣು ಬೇಡವೆಂದರೂ ಆ ಪುಟದ ಮೇಲೆ ಬೀಳುತ್ತಿತ್ತು. ಶೀರ್ಷಿಕೆಯಲ್ಲಿ ಕಳಚಿದ ಒತ್ತಕ್ಷರ, ತಪ್ಪು ಚಿತ್ರದ ಕೆಳಗೆ ಕೂತ ಅಡಿಬರಹ, ಎರಡು ಸಲ ಬಂದ ಪ್ಯಾರಾ ಇವೆಲ್ಲ ಹಾಗೆ ಸಿಗುತ್ತಿದ್ದವು. ಯಾರೂ ಇದನ್ನು ಕೆಲಸದ ಭಾಗವೆಂದು ಬರೆದಿಟ್ಟಿರಲಿಲ್ಲ. ಆದ್ದರಿಂದ ಕೆಲಸವನ್ನು ಸ್ಕ್ರಿಪ್ಟಿಗೆ ವಿವರಿಸುವಾಗ ಎಳೆಯುವುದು ಮಾತ್ರ ದಾಖಲಾಯಿತು, ನೋಡುವುದು ಬಿಟ್ಟುಹೋಯಿತು.

ನೋಡುವುದನ್ನೂ ನಿಯಮವಾಗಿಸಿದ ಪರಂಪರೆಯೊಂದಿದೆ. ಯಹೂದಿ ಧರ್ಮದಲ್ಲಿ ಪವಿತ್ರಗ್ರಂಥವಾದ ತೋರಾವನ್ನು ಬರೆಯುವ ಲಿಪಿಕಾರನಿಗೆ ಸೋಫೇರ್ ಎನ್ನುತ್ತಾರೆ. ತೋರಾ ಸುರುಳಿಯಲ್ಲಿ ವಾಡಿಕೆಯ ಲೆಕ್ಕದಂತೆ 3,04,805 ಅಕ್ಷರ. ಒಂದು ಅಕ್ಷರ ಬಿಟ್ಟರೂ ಸುರುಳಿ ಪೂಜಾವಾಚನಕ್ಕೆ ಸಲ್ಲದು. ನೆನಪಿನಿಂದ ಬರೆಯುವಂತಿಲ್ಲ, ಎದುರಿಗೆ ಮೂಲಪ್ರತಿ ಇಟ್ಟುಕೊಂಡು ನೋಡಿಯೇ ಬರೆಯಬೇಕು. ದೇವರ ಹೆಸರು ಬಂದಾಗ, ಇದನ್ನು ಆ ಹೆಸರಿನ ಪಾವಿತ್ರ್ಯಕ್ಕಾಗಿಯೇ ಬರೆಯುತ್ತಿದ್ದೇನೆ ಎಂಬ ಸಂಕಲ್ಪವನ್ನು ಬಾಯಿಬಿಟ್ಟು ಹೇಳಬೇಕು. 2014ರಲ್ಲಿ ಬರ್ಲಿನ್ನಿನ ಯಹೂದಿ ವಸ್ತುಸಂಗ್ರಹಾಲಯದಲ್ಲಿ ರೋಬೋಟ್‌ಲ್ಯಾಬ್ ಎಂಬ ಕಲಾವಿದರ ಗುಂಪು ಕಾರ್ಖಾನೆಯ ರೋಬೋಟ್ ತೋಳಿಗೆ ಲೇಖನಿ ಹಿಡಿಸಿ, ಕಾಗದದ ಉದ್ದನೆಯ ಸುರುಳಿಯ ಮೇಲೆ ತೋರಾ ಬರೆಸಿತು. ಅಕ್ಷರಗಳು ಒಂದರಂತೆ ಒಂದು ನೀಟಾಗಿ ಮೂಡಿದವು. ಆದರೂ ಆ ಸುರುಳಿ ಸಿನಗಾಗಿನಲ್ಲಿ ಸಲ್ಲುವುದಿಲ್ಲ, ಸಲ್ಲಬೇಕೆಂದು ಕಲಾವಿದರೂ ಕೇಳಲಿಲ್ಲ. ಚರ್ಮದ ಹಾಳೆ, ಗರಿಯ ಲೇಖನಿಗಳ ನಿಯಮ ಒಂದು ಕಡೆ ಇರಲಿ. ಸಂಕಲ್ಪ ಹೇಳುವವರೇ ಅಲ್ಲಿ ಇರಲಿಲ್ಲ.

ಯಾವುದೋ ಸಂಸ್ಥೆಯ ವಾರ್ಷಿಕ ವರದಿಗೆ ಈ ಕಟ್ಟಳೆ ಹೇರಬೇಕಿಲ್ಲ. ಅದರೊಳಗಿನ ವಿವೇಕ ಮಾತ್ರ ಎಲ್ಲ ಅಕ್ಷರದ ಕೆಲಸಕ್ಕೂ ಹೊಂದುತ್ತದೆ. ಆ ನಿಯಮಗಳಲ್ಲಿ ಹೆಚ್ಚಿನವು ಗಮನ ಜಾರಬಹುದಾದ ಜಾಗಗಳನ್ನು ಗುರುತಿಸಿ ಅಲ್ಲೇ ಕೈಯನ್ನು ತಡೆದು ನಿಲ್ಲಿಸುತ್ತವೆ. ಒಳ್ಳೆಯ ಸ್ಕ್ರಿಪ್ಟ್ ಬರೆಯುವವರು ಮಾಡಬೇಕಾದ ಯೋಚನೆಯೂ ಅದೇ. ಎಲ್ಲಿ ಯಂತ್ರ ಓಡಬೇಕು, ಎಲ್ಲಿ ನಿಂತು ಮನುಷ್ಯರನ್ನು ಕರೆಯಬೇಕು?

ಓವರ್‌ಸೆಟ್ ಫ್ರೇಮುಗಳಿಗೆ ಎರಡು ಬಗೆಯ ಸ್ಕ್ರಿಪ್ಟ್ ಬರೆಯಬಹುದು. ಒಂದು, ಬರಹ ಹಿಡಿಸುವವರೆಗೂ ಅಕ್ಷರದ ಅಳತೆಯನ್ನು ಕಾಲು ಪಾಯಿಂಟಿನಂತೆ ಇಳಿಸುತ್ತ, ಅಂತರ ಬಿಗಿಯುತ್ತ ಹೋಗಿ, ಕೆಂಪು ಗುರುತು ಮಾಯವಾದ ಮೇಲೆ ಸದ್ದಿಲ್ಲದೆ ಮುಗಿಸುತ್ತದೆ. ಇನ್ನೊಂದು ಏನನ್ನೂ ಬದಲಿಸುವುದಿಲ್ಲ. ಯಾವ ಪುಟ, ಯಾವ ಫ್ರೇಮ್, ಎಷ್ಟು ಅಕ್ಷರ ಹೊರಗುಳಿದಿದೆ ಎಂಬ ಪಟ್ಟಿ ಕೊಡುತ್ತದೆ. ಮೊದಲನೆಯದು ಜಾಣತನದ್ದು, ಬರೆಯಲು ಖುಷಿ ಕೊಡುವಂಥದ್ದು. ಎರಡನೆಯದು ಸಾದಾ. ಆದರೆ ಪುಸ್ತಕವನ್ನು ಒಪ್ಪಿಸಬಹುದಾದದ್ದು ಎರಡನೆಯದಕ್ಕೆ. ಏಕೆಂದರೆ ಬರಹ ಹೊರಚೆಲ್ಲಿದೆಯೇ ಎಂಬುದು ಅಳತೆಯ ಪ್ರಶ್ನೆ, ಯಂತ್ರ ಅದನ್ನು ಎಂದೂ ತಪ್ಪದೆ ಹೇಳಬಲ್ಲದು. ಹೊರಚೆಲ್ಲಿದ್ದಕ್ಕೆ ಏನು ಮಾಡಬೇಕು ಎಂಬುದು ಅರ್ಥದ ಪ್ರಶ್ನೆ.

ಒಂದೇ ಒಂದು ಪದ ಹೊರಗುಳಿದರೆ ಏನಾಗುತ್ತದೆಂದು ತಿಳಿಯಲು 1631ರ ಲಂಡನ್ನಿಗೆ ಹೋಗಬೇಕು. ರಾಜಮುದ್ರಕರಾದ ರಾಬರ್ಟ್ ಬಾರ್ಕರ್ ಮತ್ತು ಮಾರ್ಟಿನ್ ಲೂಕಾಸ್ ಆ ವರ್ಷ ಅಚ್ಚು ಮಾಡಿದ ಬೈಬಲಿನಲ್ಲಿ, ವ್ಯಭಿಚಾರ ಮಾಡಬಾರದೆಂಬ ದಶಾಜ್ಞೆಯ ನಿಷೇಧದ ಪದವೊಂದು ಬಿಟ್ಟುಹೋಗಿತ್ತು. ಆಜ್ಞೆ ತಲೆಕೆಳಗಾಯಿತು. ಮುದ್ರಕರಿಗೆ 300 ಪೌಂಡ್ ದಂಡ ಬಿತ್ತು, ಪ್ರತಿಗಳನ್ನು ಹಿಂದಕ್ಕೆ ತರಿಸಿ ನಾಶಮಾಡಲಾಯಿತು. ಇಂದು ಉಳಿದಿರುವುದು ಬೆರಳೆಣಿಕೆಯ ಪ್ರತಿಗಳು. ಮೊಳೆ ಜೋಡಿಸಿದವನು ಯಾರೆಂದು ಇತಿಹಾಸಕ್ಕೆ ಬೇಕಾಗಲಿಲ್ಲ. ದೊರೆ ಪ್ರಶ್ನಿಸಿದ್ದು ಮುಖಪುಟದಲ್ಲಿ ಹೆಸರಿದ್ದವರನ್ನು. ಸ್ಕ್ರಿಪ್ಟಿನ ಕಾಲದಲ್ಲೂ ಈ ನ್ಯಾಯ ಬದಲಾಗಿಲ್ಲ. ಹೆಸರು ಹಾಕಿಕೊಂಡವರು ಆ ಪುಟವನ್ನು ನೋಡಿರಬೇಕು.

ಕನ್ನಡದ ಪುಟ ಕಟ್ಟುವವರಿಗೆ ಈ ವಿಷಯ ದೂರದ್ದಲ್ಲ. 2012ರಲ್ಲಿ ಬಂದ ಇನ್‌ಡಿಸೈನ್ ಸಿಎಸ್6ರಲ್ಲಿ ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳಿಗೆ ಬೆಂಬಲ ಸಿಕ್ಕಿತು. ಆದರೆ ಒತ್ತಕ್ಷರ, ಗುಣಿತಾಕ್ಷರಗಳು ಸರಿಯಾಗಿ ಕೂಡಿಕೊಳ್ಳಬೇಕಾದರೆ ವರ್ಲ್ಡ್-ರೆಡಿ ಕಂಪೋಸರ್ ಎಂಬ ಅಕ್ಷರ ಜೋಡಣೆಯ ವಿಧಾನವನ್ನು ಆಯ್ದುಕೊಳ್ಳಬೇಕು. ಅದನ್ನು ಹೊಂದಿಸಲು ತಂತ್ರಾಂಶದ ಜೊತೆಯಲ್ಲೇ ಬರುವುದು ‘ಇಂಡಿಕ್ ಪ್ರಿಫರೆನ್ಸಸ್’ ಎಂಬ ಒಂದು ಸ್ಕ್ರಿಪ್ಟ್. ಹಳೆಯ ಫಾಂಟುಗಳ ಸಂಕೇತದಲ್ಲಿ, ಹಿಂದಿನ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ ಕೂರಿಸಿದ್ದ ಪುಸ್ತಕಗಳನ್ನು ಯೂನಿಕೋಡಿಗೆ ತಂದು ಮರುಮುದ್ರಿಸುವಾಗ ಅಕ್ಷರಗಳ ಅಗಲವೇ ಬದಲಾಗುತ್ತದೆ, ಸಾಲುಗಳು ಬೇರೆ ಕಡೆ ಮುರಿಯುತ್ತವೆ, ನಿನ್ನೆ ಹಿಡಿಸುತ್ತಿದ್ದ ಬರಹ ಇಂದು ಫ್ರೇಮಿನಾಚೆ ಚೆಲ್ಲುತ್ತದೆ. ಇಂಥ ಕೆಲಸಕ್ಕೆ ಸ್ಕ್ರಿಪ್ಟ್ ಬೇಡವೆನ್ನುವುದು ಆ ಪುಸ್ತಕಗಳು ಮರಳಿ ಬರುವುದೇ ಬೇಡವೆಂದಂತೆ.

ಇಲ್ಲಿಯೇ ಹನ್ನೆರಡನೆಯ ಶತಮಾನದ ಶರಣರ ಕಾಯಕದ ಮಾತು ಬರುತ್ತದೆ. ಕಾಯಕವೆಂದರೆ ಮೈಮುರಿದು ದುಡಿಯುವುದು ಎಂದಷ್ಟೇ ತಿಳಿದವರಿಗೆ ಸ್ಕ್ರಿಪ್ಟ್ ಸೋಮಾರಿತನವಾಗಿ ಕಾಣಬಹುದು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ಬೇರೆಯದನ್ನೇ ಹೇಳುತ್ತದೆ. ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದದ್ದನ್ನು ತಂದಲ್ಲಿಗೇ ಸುರಿದು ಬಾ ಎಂದು ಲಕ್ಕಮ್ಮ ಕಳಿಸಿಕೊಟ್ಟಳು. ಅವಳು ನೋಡಿದ್ದು ಎಷ್ಟು ದುಡಿದ ಎಂಬುದನ್ನಲ್ಲ, ಬಂದದ್ದು ಯಾತಕ್ಕೆ ಎಂಬುದನ್ನು. ಸ್ಕ್ರಿಪ್ಟ್ ಉಳಿಸಿಕೊಟ್ಟ ಮಧ್ಯಾಹ್ನಗಳನ್ನೂ ಹೀಗೇ ಕೇಳಬೇಕು. ಅಷ್ಟೇ ಸಂಬಳಕ್ಕೆ ಇನ್ನೆರಡು ಪುಸ್ತಕ ತುರುಕಲು ಅವು ಖರ್ಚಾಗುತ್ತಿವೆಯೇ, ಅಥವಾ ಕರಡನ್ನು ಇನ್ನೊಮ್ಮೆ ಓದಲು ಸಿಗುತ್ತಿವೆಯೇ? ಬಹಳ ಕಡೆ ಮೊದಲನೆಯದೇ ಆಗುತ್ತಿದೆ. ಅದಕ್ಕೆ ಸ್ಕ್ರಿಪ್ಟನ್ನು ದೂರುವುದು ತಪ್ಪು. ಸಮಯದ ಲೆಕ್ಕ ಬರೆಯುವವರನ್ನು ಕೇಳಬೇಕು.

ಉಳಿದ ಸಮಯವನ್ನು ಮರಳಿ ಅಕ್ಷರಕ್ಕೇ ಕೊಟ್ಟವರೂ ಇದ್ದಾರೆ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ತಮ್ಮ ಪುಸ್ತಕದ ಹೊಸ ಆವೃತ್ತಿಯ ಕರಡು ಕುರೂಪವಾಗಿ ಬಂದದ್ದನ್ನು ಕಂಡು ನೊಂದು, 1977ರಲ್ಲಿ ಟೆಕ್ ಎಂಬ ಅಕ್ಷರ ಜೋಡಣೆಯ ವ್ಯವಸ್ಥೆ ಕಟ್ಟಲು ಹೊರಟರು. ಪ್ಯಾರಾದ ಸಾಲುಗಳನ್ನು ಎಲ್ಲಿ ಮುರಿಯಬೇಕೆಂದು ಯಂತ್ರವೇ ಲೆಕ್ಕಹಾಕುವ ವಿಧಾನವನ್ನು ರೂಪಿಸಿದವರಲ್ಲಿ ಅವರೊಬ್ಬರು. ಲೂಥರನ್ ಪಂಥದ ಶ್ರದ್ಧಾವಂತ ಕ್ರೈಸ್ತರೂ ಹೌದು. 1991ರಲ್ಲಿ ಅವರು ಬೈಬಲಿನ ಪುಸ್ತಕಗಳ ಮೂರನೆಯ ಅಧ್ಯಾಯದ ಹದಿನಾರನೆಯ ವಚನಗಳನ್ನು ಒಂದೊಂದಾಗಿ ಅಧ್ಯಯನ ಮಾಡಿದ ಗ್ರಂಥವನ್ನು ಹೊರತಂದರು. ವಿವರಣೆಯ ಪುಟಗಳನ್ನು ತಮ್ಮದೇ ಯಂತ್ರವ್ಯವಸ್ಥೆಗೆ ಬಿಟ್ಟರು. ವಚನಗಳನ್ನು ಮಾತ್ರ ಅಕ್ಷರವಿನ್ಯಾಸಕ ಹರ್ಮನ್ ಜಾಫ್ ಅವರ ನೆರವಿನಿಂದ ಲೋಕದ ಬೇರೆ ಬೇರೆ ಕಡೆಯ ಲಿಪಿಕಲಾವಿದರ ಕೈಯಲ್ಲಿ ಬರೆಸಿದರು. ಟ್ರಿಥೇಮಿಯಸ್ ಎದುರಿಗಿದ್ದ ಎರಡು ಪ್ರಶ್ನೆಗೂ ಒಂದೇ ರಟ್ಟಿನೊಳಗೆ ಜಾಗ ಸಿಕ್ಕಿತು.

ಪಟ್ಟಿ ಕೊಡುವ ಆ ಸಾದಾ ಸ್ಕ್ರಿಪ್ಟ್ ಓಡಿದ ಮೇಲೆ ಏನಾಗುತ್ತದೆ ನೋಡಿ. 214ನೆಯ ಪುಟದಲ್ಲಿ ಎರಡು ಸಾಲು ಹೊರಗಿದೆ ಎಂದು ಅದು ಹೇಳಿದೆ ಎನ್ನೋಣ. ವಿನ್ಯಾಸಕಿ ಆ ಪುಟ ತೆರೆಯುತ್ತಾರೆ. ಜಾಹೀರಾತಿನ ಬರಹವಾದರೆ ಸಂಪಾದಕರಿಗೆ ಹೇಳಿ ಒಂದು ವಿಶೇಷಣ ಕಳೆಯಬಹುದು. ಲೇಖಕರು ಬದುಕಿದ್ದರೆ ಫೋನ್ ಮಾಡಿ ಕೇಳಬಹುದು. ವಚನವೋ ಪ್ರಾರ್ಥನೆಯೋ ಆಗಿದ್ದರೆ ಒಂದಕ್ಷರವನ್ನೂ ಮುಟ್ಟುವಂತಿಲ್ಲ. ಚಿತ್ರವನ್ನು ಕುಗ್ಗಿಸಬೇಕು, ಇಲ್ಲವೇ ಮುಂದಿನ ಪುಟವನ್ನು ಹೊಸದಾಗಿ ಕಟ್ಟಬೇಕು. ಯಾವುದನ್ನು ಮಾಡಬೇಕೆಂದು ಗೊತ್ತಾಗಲು ಅವರು ಮೊದಲು ಆ ಎರಡು ಸಾಲನ್ನು ಓದುತ್ತಾರೆ.