ಕೇಳಲಿಲ್ಲ, ಹೇಳಲಿಲ್ಲ

ಸಂಕ್ರಾಂತಿ ಕಳೆದು ಒಂದು ವಾರವಾಗಿತ್ತು. ಕಾರಿನಲ್ಲಿ ಕೂತೊಡನೆ ಏನೋ ಸಿಹಿ ವಾಸನೆ. ಎಳ್ಳುಬೆಲ್ಲದ ಪೊಟ್ಟಣ ಸೀಟಿನ ಸಂದಿಯಲ್ಲಿ ಬಿದ್ದಿರಬೇಕೆಂದು ತಡಕಿದೆ. ಪೊಟ್ಟಣ ಸಿಗಲಿಲ್ಲ. ಕಾಲ ಕೆಳಗಿನ ಮ್ಯಾಟು ಒದ್ದೆಯಾಗಿತ್ತು, ಮುಟ್ಟಿದರೆ ಬೆರಳಿಗೆ ಜಿಡ್ಡು. “ನಿನ್ನ ನೀರಿನ ಬಾಟಲಿ ಸೋರಿದೆ ಕಣೇ” ಎಂದರು ನಮ್ಮ ಯಜಮಾನರು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಮನೆಯಲ್ಲಿ ಏನು ಸೋರಿದರೂ ಅದು ನನ್ನದೇ ಆಗಿರುವುದರಿಂದ ಸುಮ್ಮನಾದೆ.

ಗ್ಯಾರೇಜಿನ ಮೆಕ್ಯಾನಿಕ್ ಮೂಸಿ ನೋಡಿಯೇ ಹೇಳಿದ: “ಹೀಟರ್ ಕೋರ್ ಹೋಗಿದೆ ಸಾರ್.”

ಅದೇನೆಂದು ನಾನು ಕೇಳಿದೆ. ಪಾಠ ಮಾಡುವವರಿಗೆ ಪಾಠ ಹೇಳುವುದೆಂದರೆ ಎಲ್ಲರಿಗೂ ಉತ್ಸಾಹ. ಇಂಜಿನ್ ತೀರಾ ಕಾಯದಿರಲೆಂದು ಅದರೊಳಗೆ ಕೂಲೆಂಟ್ ಎಂಬ ದ್ರವ ಹರಿಯುತ್ತಿರುತ್ತದೆ. ಬಿಸಿಯಾದ ಆ ದ್ರವದಲ್ಲಿ ಒಂದು ಪಾಲು ಎರಡು ರಬ್ಬರ್ ಪೈಪುಗಳ ಮೂಲಕ ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಬಂದು ಮರಳಿ ಹೋಗುತ್ತದೆ. ಅದೇ ಹೀಟರ್ ಕೋರ್. ಫ್ಯಾನು ಅದರ ಮೂಲಕ ಗಾಳಿ ಊದಿದರೆ ಕಾರಿನೊಳಗೆ ಬೆಚ್ಚಗಾಗುತ್ತದೆ, ಮುಂದಿನ ಗಾಜಿಗೆ ಕಟ್ಟಿದ ಹಬೆ ಆರುತ್ತದೆ. ಹೇಗೂ ಹೊರಗೆ ಚೆಲ್ಲಬೇಕಾದ ಶಾಖ. ಬಸಿದ ಗಂಜಿಯನ್ನು ಚೆಲ್ಲದೆ ಸೀರೆಗೆ ಹಾಕಿದ ಹಾಗೆ.

ಹೊಸ ಕೋರ್ ಹಾಕಲು ಡ್ಯಾಶ್‌ಬೋರ್ಡನ್ನೇ ಬಿಚ್ಚಬೇಕಂತೆ. ಸಾಮಾನಿನ ಬೆಲೆಗಿಂತ ಕೂಲಿಯೇ ಹೆಚ್ಚು. ಅದು ಬೇಡವಾದರೆ ಎರಡೂ ಪೈಪುಗಳನ್ನು ಇಂಜಿನ್ ಕಡೆಯಲ್ಲೇ ಒಂದಕ್ಕೊಂದು ಜೋಡಿಸಿಬಿಟ್ಟರಾಯಿತು. ಅದಕ್ಕೆ ಬೈಪಾಸ್ ಎನ್ನುತ್ತಾರೆ. ಗಾಡಿ ಎಂದಿನಂತೆ ಓಡುತ್ತದೆ, ಹೀಟರ್ ಮಾತ್ರ ಇರುವುದಿಲ್ಲ.

“ಚಿತ್ರದುರ್ಗದ ಬಿಸಿಲಿಗೆ ಹೀಟರ್ ಯಾಕಪ್ಪಾ? ಬೈಪಾಸೇ ಮಾಡು” ಎಂದರು ಇವರು. ನಾನೂ ತಲೆಯಾಡಿಸಿದೆ.

ಸೋರಿದ ದ್ರವವನ್ನು ಬಕೆಟ್ಟಿಗೆ ಹಿಡಿದ ಮೆಕ್ಯಾನಿಕ್ ಅದರ ಮೇಲೊಂದು ಹಲಗೆ ಮುಚ್ಚಿ ಕಲ್ಲು ಹೇರಿದ. “ಸಿಹಿಯಾಗಿರುತ್ತೆ ಮೇಡಂ. ನಾಯಿ, ಬೆಕ್ಕು ನೆಕ್ಕಿದರೆ ಸತ್ತೇ ಹೋಗ್ತವೆ. ಮಕ್ಕಳಿಗೂ ವಿಷವೇ” ಎಂದ. ಆಗ ಅದು ನನಗೆ ದೊಡ್ಡ ಮಾತೆನಿಸಲಿಲ್ಲ.

ಏಪ್ರಿಲಿನಲ್ಲಿ ಆ ಕಾರನ್ನು ಮಾರಿದೆವು. ಕೊಂಡವಳು ನಮ್ಮ ಶಾಲೆಯಲ್ಲೇ ಪಾಠ ಮಾಡುತ್ತಿದ್ದ ಹುಡುಗಿ, ನನ್ನ ಮಗಳ ವಯಸ್ಸಿನವಳು. ಗಂಡನಿರುವ ಮಡಿಕೇರಿಗೆ ವರ್ಗ ಆಗಿತ್ತು. ಒಂದು ವರ್ಷದ ಕೂಸು. “ಮೇಡಂ, ಗಾಡಿ ಚೆನ್ನಾಗಿದೆಯಾ?” ಎಂದಳು. “ಇಂಜಿನ್ ಕಲ್ಲಿನ ಹಾಗಿದೆಯಮ್ಮ” ಎಂದೆ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಸುಳ್ಳಿಲ್ಲದ ಮೇಲೆ ಆ ರಾತ್ರಿ ನನಗೆ ನಿದ್ದೆ ಏಕೆ ಬರಲಿಲ್ಲ?

“ಅವಳು ಹೀಟರ್ ಬಗ್ಗೆ ಕೇಳಿದಳೇ? ಸಂತೆಯಲ್ಲಿ ಎತ್ತು ಕೊಳ್ಳುವವನೇ ಹಲ್ಲು ಎಣಿಸಬೇಕು” ಎಂದರು ಇವರು. ಆ ಮಾತು ಪೂರ್ತಿ ತಪ್ಪೆನ್ನಲಾರೆ. ಹಳೆಯ ವಸ್ತು ಮಾರುವವರು ಅದರ ಪ್ರತಿಯೊಂದು ಗೀರನ್ನೂ ಪಟ್ಟಿಮಾಡಿ ಕೊಡಬೇಕೆಂದರೆ ಲೋಕವ್ಯವಹಾರವೇ ನಡೆಯದು.

ಬಿ.ಎ.ಯಲ್ಲಿ ಓದಿದ್ದೊಂದು ನೆನಪಾಯಿತು. ರೋಮಿನ ಸಿಸೆರೋ ಕ್ರಿ.ಪೂ. 44ರಲ್ಲಿ ತನ್ನ ಮಗನಿಗಾಗಿ ಕರ್ತವ್ಯಗಳ ಕುರಿತು ಒಂದು ಪುಸ್ತಕ ಬರೆದ. ಅದರಲ್ಲಿ ಮನೆ ಮಾರುವವನೊಬ್ಬನ ಪ್ರಸಂಗವಿದೆ. ಮನೆಯ ಮರಮುಟ್ಟು ಕೆಟ್ಟಿದೆ, ಕೋಣೆಗಳಲ್ಲಿ ಹುಳಹುಪ್ಪಟೆ ಸೇರಿವೆ. ಇದು ಒಡೆಯನಿಗೆ ಮಾತ್ರ ಗೊತ್ತು. ಅವನು ಹೇಳಬೇಕೇ? ಡಯೋಜೆನಿಸ್ ಎಂಬ ತತ್ತ್ವಜ್ಞಾನಿಯ ವಾದದಲ್ಲಿ ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ. ಅವನ ಶಿಷ್ಯ ಆಂಟಿಪೇಟರ್ ಹೇಳಲೇಬೇಕೆನ್ನುತ್ತಾನೆ. ಸಿಸೆರೋ ಶಿಷ್ಯನ ಕಡೆಗೇ ವಾಲುತ್ತಾನೆ. ತಿಳಿದರೆ ಕೊಳ್ಳುವವನಿಗೆ ಒಳ್ಳೆಯದು ಎಂಬುದನ್ನು, ನಮ್ಮ ಲಾಭಕ್ಕೋಸ್ಕರ ಅವನಿಗೆ ತಿಳಿಯದಿರಲಿ ಎಂದುಕೊಂಡರೆ ಅದು ಮುಚ್ಚಿಟ್ಟ ಹಾಗೆಯೇ ಎಂಬುದು ಅವನ ತೀರ್ಮಾನ.

ಆದರೆ ನನ್ನನ್ನು ಎಬ್ಬಿಸಿ ಕೂರಿಸಿದ್ದು ಸಿಸೆರೋ ಅಲ್ಲ, ಆ ಬಕೆಟ್ಟಿನ ಮೇಲಿನ ಹಲಗೆ. ಬೀದಿನಾಯಿ ಮೆಕ್ಯಾನಿಕ್‌ನನ್ನು ಏನೂ ಕೇಳಿರಲಿಲ್ಲ. ಅದಕ್ಕೆ ಗೊತ್ತಿಲ್ಲದ್ದು ಅವನಿಗೆ ಗೊತ್ತಿತ್ತು, ಅದಕ್ಕೇ ಮುಚ್ಚಿದ. ಕೇಳಬೇಕೆಂದು ಗೊತ್ತಿರುವವರು ತಾನೇ ಕೇಳುವುದು? ಮಡಿಕೇರಿ 1,100 ಮೀಟರಿಗೂ ಎತ್ತರದಲ್ಲಿರುವ ಊರು. ಜೂನಿನಿಂದ ಹಿಡಿದ ಮಳೆಯಲ್ಲಿ, ತಿರುವಿನ ರಸ್ತೆಯಲ್ಲಿ, ಗಾಜಿಗೆ ಹಬೆ ಕಟ್ಟಿ ದಾರಿ ಕಾಣದಿದ್ದಾಗ ಆ ಹುಡುಗಿ ಹೀಟರಿನ ಗುಂಡಿ ತಿರುಗಿಸುತ್ತಾಳೆ. ಬರುವುದು ತಣ್ಣನೆಯ ಗಾಳಿ. ಹಿಂದಿನ ಸೀಟಿನಲ್ಲಿ ಕೂಸು. ಅವಳು ಎಲ್ಲಿಗೆ ಹೋಗುತ್ತಾಳೆಂದು ನನಗೆ ಗೊತ್ತಿತ್ತು. ನನ್ನ ಊರಿಗೆ ಬೇಡವಾದದ್ದು ಅವಳ ಊರಿಗೆ ಬೇಕು ಎಂಬುದೂ ಗೊತ್ತಿತ್ತು.

ನಾಲ್ಕನೆಯ ದಿನ ಫೋನ್ ಮಾಡಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಮೊದಲೇ ಹೇಳಬಹುದಿತ್ತಲ್ಲ ಮೇಡಂ” ಎಂದಳು. ನನ್ನ ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದ್ದೇನೋ ಆ ಮಾತನ್ನು!

ಖರ್ಚು ನಮ್ಮದೆಂದೆ. ಗಾಡಿ ಇನ್ನೂ ಊರಲ್ಲೇ ಇದ್ದುದರಿಂದ ಅದೇ ಗ್ಯಾರೇಜಿಗೆ ತರಿಸಿದೆವು. ಸ್ಟೀರಿಂಗು, ಮೀಟರು, ವೈರುಗಳ ಗೊಂಚಲು ಎಲ್ಲ ಬಿಚ್ಚಿ ಹರಡಿದ್ದ ಗಾಡಿಯ ಮುಂದೆ ನಾನು ಇಡೀ ಭಾನುವಾರ ಕೂತಿದ್ದೆ. ಕಡೆಗೆ ಹೊರಬಂದದ್ದು ಒಂದು ಪಠ್ಯಪುಸ್ತಕದಷ್ಟು ಗಾತ್ರದ ಪೆಟ್ಟಿಗೆ. ಅದರ ಬಾಯಲ್ಲಿ ನಮ್ಮ ಸ್ನಾನದ ಹಂಡೆಗೆ ಕಟ್ಟುವಂಥದೇ ಬಿಳಿಯ ಗಾರೆ. “ಕೂಲೆಂಟ್ ಕಡಿಮೆಯಾದಾಗ ಬೋರ್‌ವೆಲ್ ನೀರು ಹಾಕ್ತಿದ್ದಿರಾ?” ಎಂದ ಮೆಕ್ಯಾನಿಕ್. ಹಾಕುತ್ತಿದ್ದೆವು, ವರ್ಷಗಟ್ಟಲೆ. ಗಡುಸು ನೀರಿನ ಲವಣ ಒಳಗೊಳಗೇ ಕಟ್ಟಿ, ಲೋಹ ತಿಂದು ತೂತಾಗಿತ್ತು. ಭಟ್ಟಿ ಇಳಿಸಿದ ನೀರು ಬೆರೆಸಿದ ಕೂಲೆಂಟನ್ನೇ ಹಾಕಬೇಕು, ಗಾಡಿಯ ಪುಸ್ತಕದಲ್ಲಿ ಹೇಳಿದ ಅವಧಿಗೆ ಬದಲಿಸಬೇಕು. ಆ ಪುಸ್ತಕವನ್ನು ನಾವು ಬಿಚ್ಚಿಯೇ ಇರಲಿಲ್ಲ. ಕಾಣದ ಕಡೆ ಏನಾದರೇನು ಎಂಬ ನಮ್ಮ ಬುದ್ಧಿ ಗಾಡಿ ಮಾರಿದ ದಿನ ಹುಟ್ಟಿದ್ದಲ್ಲ, ನೀರು ಹೊಯ್ದ ದಿನವೇ ಹುಟ್ಟಿತ್ತು.

ಇವರು ಎಂಟು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಆಮೇಲೆ ತಾವಾಗಿಯೇ ಆ ಗಾಡಿಯ ಪುಸ್ತಕ ಹುಡುಕಿ ಅವಳಿಗೆ ಕೊಟ್ಟುಬಂದರು.

ಜುಲೈಯಲ್ಲಿ ಅವಳ ಫೋನ್ ಬಂತು. ಜಡಿಮಳೆ, ಹೊಸ ಶಾಲೆ, ಕೂಸಿನ ಹಲ್ಲು, ಎಲ್ಲ ಮಾತಾಡಿದಳು. ಗಾಡಿಯ ಬಗ್ಗೆ ಮಾತ್ರ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.