ಕಲಿಯುವವನ ಕೂಲಿ

ಕಲಿಯೋಕೆ ಬಂದವನಿಗೆ ಕೂಲಿ ಯಾಕೆ ಕೊಡಬೇಕು? ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ತಿಂಗಳ ಕೊನೆಗೆ ಸಂಬಳ ಎಣಿಸಿಕೊಳ್ಳುವವರೇ ಆಗಿರುತ್ತಾರೆ. ಮ್ಯೂಸಿಯಂ, ರಂಗಮಂದಿರ, ಪುಸ್ತಕ ಭಂಡಾರ, ಹಳೆಯ ಕಾಗದಪತ್ರ ಕಾಯುವ ಸಂಸ್ಥೆ, ಇಂಥ ಕಡೆ ಡಿಗ್ರಿ ಓದುವ ಹುಡುಗ ಹುಡುಗಿಯರು ಬೇಸಿಗೆ ರಜೆಯಲ್ಲಿ ಎರಡು ಮೂರು ತಿಂಗಳು ದುಡಿದು ಕೆಲಸ ಕಲಿಯುವುದಕ್ಕೆ ಇಂಟರ್ನ್‌ಶಿಪ್ ಅನ್ನುತ್ತಾರೆ. ಪೆಟ್ಟಿಗೆ ಹೊರಿಸುತ್ತಾರೆ, ಪಟ್ಟಿ ಬರೆಸುತ್ತಾರೆ, ಬಂದವರಿಗೆ ಟೀ ಕೊಡಿಸುತ್ತಾರೆ, ಕೊನೆಗೆ ಒಂದು ಸರ್ಟಿಫಿಕೇಟು ಕೈಗಿಟ್ಟು ಕಳಿಸುತ್ತಾರೆ. ಅನುಭವ ಸಿಕ್ಕಿತಲ್ಲ, ಇನ್ನೇನು ಬೇಕು ನಿನಗೆ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಹಿರಿಯರು ಸುಮ್ಮನೆ ಅನ್ನಲಿಲ್ಲ.

ಈ ಪ್ರಶ್ನೆಗೆ ದೂರದ ಒಂದು ಊರು ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟಿದೆ. ಅಮೆರಿಕದ ಲಾಸ್ ಏಂಜಲೀಸ್. ಅಲ್ಲಿಯ ಉಸಾಬರಿ ನಮಗೇಕೆ ಅನ್ನುವವರಿಗೆ ಒಂದು ಮಾತು: ಅದೇ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ 1966ರಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯ ಹೆಸರನ್ನೇ 1972ರಲ್ಲಿ ಬೊಂಬಾಯಿಯ ದಲಿತ ಹುಡುಗರು ತಮ್ಮ ಹೋರಾಟಕ್ಕೆ ಇಟ್ಟುಕೊಂಡರು. ಆ ನೆಲಕ್ಕೂ ನಮಗೂ ನಂಟು ಹೊಸದಲ್ಲ.

ಲಾಸ್ ಏಂಜಲೀಸಿನಲ್ಲಿ 1991ರ ಮಾರ್ಚಿನಲ್ಲಿ ರಾಡ್ನಿ ಕಿಂಗ್ ಎಂಬ ಕಪ್ಪು ಮನುಷ್ಯನನ್ನು ಪೊಲೀಸರು ನಡುರಸ್ತೆಯಲ್ಲಿ ಕೆಡವಿಕೊಂಡು ಹೊಡೆದರು. ಯಾರೋ ಅದನ್ನು ವಿಡಿಯೋ ತೆಗೆದಿದ್ದರು. ಲೋಕವೆಲ್ಲ ನೋಡಿತು. ಆದರೂ 1992ರ ಏಪ್ರಿಲ್ 29ರಂದು ಜ್ಯೂರಿ ಆ ಪೊಲೀಸರನ್ನು ಬಿಟ್ಟುಕಳಿಸಿತು. ಊರು ಹತ್ತಿಕೊಂಡು ಉರಿಯಿತು. 60ಕ್ಕೂ ಹೆಚ್ಚು ಜನ ಸತ್ತರು, ಸುಮಾರು 100 ಕೋಟಿ ಡಾಲರ್ ಆಸ್ತಿ ಸುಟ್ಟುಹೋಯಿತು. ಆ ಬೆಂಕಿ ಆರಿದ ಮರುವರ್ಷ, 1993ರಲ್ಲಿ, ಗೆಟ್ಟಿ ಎಂಬ ಸಂಸ್ಥೆ ಒಂದು ಕೆಲಸ ಶುರುಮಾಡಿತು. ಎಣ್ಣೆ ಬಾವಿಗಳಿಂದ ಅಪಾರ ಹಣ ಮಾಡಿ 1976ರಲ್ಲಿ ತೀರಿಕೊಂಡ ಜೆ. ಪಾಲ್ ಗೆಟ್ಟಿಯ ಆಸ್ತಿಯಿಂದ ಬೆಳೆದ ಕಲಾಸಂಸ್ಥೆ ಅದು. ಮ್ಯೂಸಿಯಮ್ಮುಗಳ ಒಳಗೆ ಕಾಣಸಿಗದ ಸಮುದಾಯಗಳ ಡಿಗ್ರಿ ವಿದ್ಯಾರ್ಥಿಗಳನ್ನು, ಅಂದರೆ ಕಪ್ಪು ಜನರ, ಲ್ಯಾಟಿನೊಗಳ, ಏಷ್ಯಾ ಮೂಲದವರ, ಆ ನೆಲದ ಮೂಲನಿವಾಸಿಗಳ ಮಕ್ಕಳನ್ನು, ಬೇಸಿಗೆಯಲ್ಲಿ ಹತ್ತು ವಾರ ಕೆಲಸಕ್ಕೆ ತೆಗೆದುಕೊಳ್ಳುವುದು. ಪೂರಾ ದಿನದ ಕೆಲಸ, ಪೂರಾ ಕೂಲಿ. ಗೆಟ್ಟಿ ದುಡ್ಡು ಕೊಡುತ್ತದೆ, ಊರಿನ ಸಣ್ಣ ದೊಡ್ಡ ಮ್ಯೂಸಿಯಮ್ಮುಗಳು ಕೆಲಸ ಕಲಿಸುತ್ತವೆ. ಅಂದಿನಿಂದ 3,000ಕ್ಕೂ ಹೆಚ್ಚು ಹುಡುಗ ಹುಡುಗಿಯರು ಹೀಗೆ ಹೋಗಿಬಂದಿದ್ದಾರೆ. 2000ದಲ್ಲಿ ಲಾಸ್ ಏಂಜಲೀಸ್ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಒಂದು ಆಡಳಿತ, ಸರ್ಕಾರಿ ಹಣದಿಂದಲೇ ಇನ್ನೊಂದು ಜೋಡಿ ಯೋಜನೆ ಹೂಡಿತು: ನಾಟಕ, ಸಂಗೀತ, ಕುಣಿತ, ಸಾಹಿತ್ಯದ ಲಾಭಕ್ಕಲ್ಲದ ಸಂಸ್ಥೆಗಳಿಗೆ.

ಇದರಲ್ಲಿ ಅಂಥ ದೊಡ್ಡ ವಿಷಯ ಏನಿದೆ? ಬೇಸಿಗೆ ಎಂಬ ಮಾತಿನಲ್ಲೇ ಎಲ್ಲ ಇದೆ.

ಉಳ್ಳವರ ಮನೆಯಲ್ಲಿ ಬೇಸಿಗೆ ಎಂದರೆ ರಜೆ. ನಮ್ಮ ಮನೆಗಳಲ್ಲಿ ಬೇಸಿಗೆ ಎಂದರೆ ಮುಂದಿನ ವರ್ಷದ ಫೀಜು. ಕಾಲೇಜು ಮುಚ್ಚಿದ ಮಾರನೇ ದಿನವೇ ನಮ್ಮ ಹುಡುಗರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಡುತ್ತಾರೆ, ಇಟ್ಟಿಗೆ ಗೂಡಿಗೆ ಹೋಗುತ್ತಾರೆ, ಹೋಟೆಲಿನಲ್ಲಿ ತಟ್ಟೆ ಎತ್ತುತ್ತಾರೆ, ರಾತ್ರಿಯೆಲ್ಲ ಮದುವೆ ಛತ್ರದಲ್ಲಿ ಬಡಿಸುತ್ತಾರೆ. ನಮ್ಮ ಹುಡುಗಿಯರು ಅವ್ವನ ಜೊತೆ ಕಳೆ ಕೀಳಲು ಇಳಿಯುತ್ತಾರೆ, ಇಲ್ಲವೇ ಗಾರ್ಮೆಂಟ್ಸಿನ ಮೆಷಿನ್ ಮುಂದೆ ಕೂರುತ್ತಾರೆ. ಜೂನ್ ಬಂದಾಗ ಕೈಯಲ್ಲಿ ನಾಲ್ಕು ಕಾಸು ಇದ್ದರೆ ಓದು, ಇಲ್ಲದಿದ್ದರೆ ಅಲ್ಲಿಗೇ ಮುಗಿಯಿತು. ಲಾಸ್ ಏಂಜಲೀಸಿನ ಬಡ ವಿದ್ಯಾರ್ಥಿಯ ಬೇಸಿಗೆಯೂ ಇದೇ ಜಾತಿಯದು. ಅವನು ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಾನೆ, ಅವಳು ಹ್ಯಾಂಬರ್ಗರ್ ಅಂಗಡಿಯಲ್ಲಿ ನಿಲ್ಲುತ್ತಾಳೆ. ಇಂಥವರ ಎದುರಿಗೆ ಒಂದು ಮ್ಯೂಸಿಯಂ ಬಾಗಿಲು ತೆರೆದು, 'ಬನ್ನಿ, ಎಲ್ಲರಿಗೂ ಅವಕಾಶ ಉಂಟು, ಆದರೆ ಕೂಲಿ ಮಾತ್ರ ಇಲ್ಲ' ಎಂದರೆ ಆ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ? ಬೋರ್ಡಿನಲ್ಲಿ ಫೀಜು ಸೊನ್ನೆ ಎಂದಿರುತ್ತದೆ. ನಿಜವಾದ ಫೀಜು ಹತ್ತು ವಾರದ ಊಟ, ಬಾಡಿಗೆ, ಬಸ್ ಚಾರ್ಜು, ಮತ್ತು ಆ ಹತ್ತು ವಾರ ಬೇರೆಲ್ಲಾದರೂ ದುಡಿದಿದ್ದರೆ ಮನೆಗೆ ಬರುತ್ತಿದ್ದ ಹಣ. ಬೆಳೆದ ಮಗನನ್ನು ಒಂದು ಬೇಸಿಗೆ ಕೂರಿಸಿ ಉಣ್ಣಿಸಬಲ್ಲ ಅಪ್ಪ ಇದ್ದವನು ಮಾತ್ರ ಅದನ್ನು ಕಟ್ಟಬಲ್ಲ.

ಹೀಗೆ ಸೋಸಿದ ಮೇಲೆ ಒಳಗೆ ಉಳಿಯುವವರು ಯಾರು? ಆಂಡ್ರ್ಯೂ ಮೆಲನ್ ಪ್ರತಿಷ್ಠಾನ 2015ರಲ್ಲಿ ಅಮೆರಿಕದ ಕಲಾ ಮ್ಯೂಸಿಯಮ್ಮುಗಳ ಸಿಬ್ಬಂದಿಯ ಲೆಕ್ಕ ಹೊರಗೆ ಹಾಕಿತು. ಏನನ್ನು ಕೊಳ್ಳಬೇಕು, ಹೇಗೆ ಕಾಪಾಡಬೇಕು, ಅದರ ಬಗ್ಗೆ ಜನಕ್ಕೆ ಏನು ಹೇಳಬೇಕು ಎಂದು ತೀರ್ಮಾನಿಸುವ ಕ್ಯುರೇಟರ್, ಸಂರಕ್ಷಕ, ಶಿಕ್ಷಣಾಧಿಕಾರಿ, ಮುಖ್ಯಸ್ಥ, ಈ ಕುರ್ಚಿಗಳಲ್ಲಿ ನೂರಕ್ಕೆ 84 ಮಂದಿ ಬಿಳಿಯರು. ಕಪ್ಪು ಜನ ನೂರಕ್ಕೆ 4. ಬಣ್ಣಬಣ್ಣದ ಜನ ಎಲ್ಲಿದ್ದರು ಅಂತೀರಿ? ಕಾವಲು ಕಾಯುವಲ್ಲಿ, ಕಟ್ಟಡ ನೋಡಿಕೊಳ್ಳುವಲ್ಲಿ. ಚಿತ್ರದ ಮುಂದೆ ಯೂನಿಫಾರ್ಮ್ ಹಾಕಿಕೊಂಡು ದಿನವಿಡೀ ನಿಲ್ಲಬಹುದು, ಚಿತ್ರದ ಪಕ್ಕದ ಚೀಟಿಯಲ್ಲಿ ಒಂದು ಅಕ್ಷರ ಬರೆಯುವ ಹಾಗಿಲ್ಲ. ದೇವಸ್ಥಾನ ಕಟ್ಟಲು ಕಲ್ಲು ಹೊತ್ತವರ ಮೊಮ್ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಚೀಟಿ ಸಣ್ಣದಲ್ಲ ಗೆಳೆಯರೇ. ನಮ್ಮ ಕಡೆಯ ಯಾವುದಾದರೂ ದೊಡ್ಡಮನೆಯ ಹಳೆಯ ಫೋಟೋ ನೆನೆಸಿಕೊಳ್ಳಿ. ನಡುವೆ ಪೇಟ ಕಟ್ಟಿದ ಯಜಮಾನ, ಅಕ್ಕಪಕ್ಕ ಮಕ್ಕಳು, ಹಿಂದೆ ಕುದುರೆಯ ಲಗಾಮು ಹಿಡಿದ ಒಬ್ಬ. ಫೋಟೋದ ಬೆನ್ನಲ್ಲಿ ಯಜಮಾನನ ಹೆಸರು, ಮಕ್ಕಳ ಹೆಸರು, ಒಮ್ಮೊಮ್ಮೆ ಕುದುರೆಯ ಹೆಸರೂ ಇರುತ್ತದೆ. ಲಗಾಮು ಹಿಡಿದವನು ಬರೀ 'ಆಳು'. ನೂರು ವರ್ಷದ ಮೇಲೆ ಅದನ್ನು ಪೆಟ್ಟಿಗೆಯಿಂದ ತೆಗೆದು ಪಟ್ಟಿಗೆ ಸೇರಿಸುವ ಹುಡುಗ 'ಇವನ ಹೆಸರೇನು, ಯಾವ ಕೇರಿಯವನು' ಎಂದು ಕೇಳುತ್ತಾನೋ, ಇದ್ದ ಹಾಗೆ ನಕಲು ಮಾಡುತ್ತಾನೋ? ಅವನು ಯಾರ ಮಗ ಎಂಬುದರ ಮೇಲೆ ಅದು ಪೂರ್ತಿ ನಿಂತಿದೆ ಎಂದು ನಾವು ಹೇಳುವುದಿಲ್ಲ. ಆದರೆ ಆ ಪ್ರಶ್ನೆ ತಾನಾಗಿ ನಾಲಗೆಗೆ ಬರುವ ಮನೆಗಳು ಇವೆ, ಬಾರದ ಮನೆಗಳೂ ಇವೆ.

ಬಿಟ್ಟಿ ಇಂಟರ್ನ್‌ಶಿಪ್ಪನ್ನು ಕೆಲವು ಗೆಳೆಯರು ಜೀತ ಎಂದು ಕರೆಯುತ್ತಾರೆ. ನಾವು ಒಪ್ಪುವುದಿಲ್ಲ. ಜೀತ ಕಂಡ ನಮ್ಮ ಅಜ್ಜಂದಿರಿಗೆ ಅದು ಅವಮಾನ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡೆಗಳ ಕಟ್ಟಡ ಕೆಲಸಗಾರರ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದಿತು. ಚಾವಟಿ ಬೇಕಿಲ್ಲ, ಹಸಿವಿನ ಒತ್ತಾಯವೂ ಬಲವಂತವೇ ಎಂದಿತು. ಅದು ದೊಡ್ಡ ಮಾತು. ಆದರೆ ಇಲ್ಲಿ ನೋಡಿ: ಜೀತದಲ್ಲಿ ಹಸಿವು ಮನುಷ್ಯನನ್ನು ಒಳಗೆ ಎಳೆದು ಕಟ್ಟಿಹಾಕುತ್ತದೆ. ಬಿಟ್ಟಿ ಇಂಟರ್ನ್‌ಶಿಪ್ಪಿನಲ್ಲಿ ಅದೇ ಹಸಿವು ಅವನನ್ನು ಹೊರಗೆ ತಳ್ಳುತ್ತದೆ. ಒಳಗೆ ಪುಕ್ಕಟೆ ದುಡಿಯುವವನು ಹೊಟ್ಟೆ ತುಂಬಿದವನೇ ಇರಬಹುದು, ನಗುನಗುತ್ತಲೇ ಒಪ್ಪಿ ಬಂದಿರಬಹುದು. ಅನ್ಯಾಯ ಆಗಿರುವುದು ಅರ್ಜಿಯನ್ನೇ ಹಾಕದವನಿಗೆ.

ಕಾನೂನಿಗೆ ಈ ಅರ್ಜಿ ಹಾಕದವನು ಕಾಣುವುದೇ ಇಲ್ಲ. ಅಮೆರಿಕದಲ್ಲೂ ಇದೇ ಕಥೆ. 1947ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ರೈಲ್ವೆ ಯಾರ್ಡಿನಲ್ಲಿ ಕೆಲಸ ಕಲಿಯಲು ಬಂದವರು ನೌಕರರಲ್ಲ, ಕೂಲಿ ಕೊಡಬೇಕಿಲ್ಲ ಎಂದಿತು. ಒಂದು ವಾರದ ತರಬೇತಿಗೆ ಹೇಳಿದ ಆ ಮಾತು ಮುಂದೆ ಎಷ್ಟೋ ಕಂಪನಿಗಳಿಗೆ ಕೊಡೆಯಾಯಿತು. 'ಬ್ಲ್ಯಾಕ್ ಸ್ವಾನ್' ಸಿನಿಮಾಕ್ಕೆ ಪುಕ್ಕಟೆ ದುಡಿದ ಇಂಟರ್ನ್‌ಗಳು 2011ರಲ್ಲಿ ಕೋರ್ಟಿಗೆ ಹೋದರು, 2013ರಲ್ಲಿ ಗೆದ್ದರು, 2015ರಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಇದರಿಂದ ಹೆಚ್ಚು ಲಾಭ ಯಾರಿಗೆ, ಕಲಿಯುವವನಿಗೋ ಕಂಪನಿಗೋ ಎಂದು ತೂಗಿ ನೋಡಬೇಕಂತೆ. 2018ರಲ್ಲಿ ಅಲ್ಲಿಯ ಕಾರ್ಮಿಕ ಇಲಾಖೆಯೂ ಇದೇ ತಕ್ಕಡಿ ಹಿಡಿಯಿತು. ಇನ್ನು ಲಾಭಕ್ಕಲ್ಲದ ಸಂಸ್ಥೆಗಳಿಗೆ ಈ ತಕ್ಕಡಿಯ ಗೊಡವೆಯೂ ಹೆಚ್ಚಿಲ್ಲ. ಕೂಲಿಯ ನಿರೀಕ್ಷೆ ಇಲ್ಲದೆ ಬಂದ ಸ್ವಯಂಸೇವಕ ಎಂದರೆ ಸಾಕು. ಸೇವೆ! ಈ ಶಬ್ದ ಬಂದಲ್ಲೆಲ್ಲ ನಮ್ಮವರು ಜೇಬು ಮುಟ್ಟಿ ನೋಡಿಕೊಳ್ಳಬೇಕು.

ಇಲ್ಲಿ ಯಾರಾದರೂ ಎದ್ದು ಕಾಯಕದ ಮಾತು ತೆಗೆಯಬಹುದು. ಕಾಯಕಕ್ಕೆ ಕಾಸಿನ ಲೆಕ್ಕವೇ ಎನ್ನಬಹುದು. ಸ್ವಾಮಿ, ಆಯ್ದಕ್ಕಿ ಮಾರಯ್ಯನ ಕಥೆ ಸರಿಯಾಗಿ ಕೇಳಿ. ಅವನು ಅಕ್ಕಿ ಆಯ್ದು ತರುತ್ತಿದ್ದ, ಅದರಿಂದ ಮನೆ ನಡೆಯುತ್ತಿತ್ತು, ದಾಸೋಹವೂ ನಡೆಯುತ್ತಿತ್ತು. ಒಂದು ದಿನ ಹೆಚ್ಚಿಗೆ ತಂದಾಗ ಲಕ್ಕಮ್ಮ ಹೆಚ್ಚಿನದನ್ನು ವಾಪಸು ಸುರಿದು ಬಾ ಅಂದಳು. ಹೆಚ್ಚಿನದನ್ನು ಮಾತ್ರ. ಬರಿಗೈಯಲ್ಲಿ ಬಾ ಎಂದು ಆ ತಾಯಿ ಎಲ್ಲೂ ಹೇಳಲಿಲ್ಲ.

ಗೆಟ್ಟಿಯ ಹಣದ ಬಗ್ಗೆ ನಮಗೆ ಭ್ರಮೆ ಇಲ್ಲ. ಊರು ಉರಿದ ಮೇಲೆ ಬಂದ ಬುದ್ಧಿ ಅದು. ಎಣ್ಣೆ ದೊರೆಯ ಪೆಟ್ಟಿಗೆಯಿಂದ ಬಂದ ದುಡ್ಡು. 1997ರಲ್ಲಿ ಬೆಟ್ಟದ ಮೇಲೆ ಬಿಳಿಕಲ್ಲಿನ ಅರಮನೆಯಂಥ ಕಟ್ಟಡ ಕಟ್ಟಿಕೊಂಡ ಸಂಸ್ಥೆಗೆ ಹತ್ತು ವಾರದ ಕೂಲಿ ಯಾವ ಲೆಕ್ಕ? ಹಾಗಾದರೆ ಅದು ದಾನವೇ? ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು, ಯಾಕೆಂದರೆ ದಾನ ಬೇರೆ, ಕೂಲಿ ಬೇರೆ. ದಾನ ಈಸಿಕೊಂಡವನು ಕೊಟ್ಟವನ ಮನೆಯ ಮುಂದೆ ಹಾದುಹೋಗುವಾಗಲೆಲ್ಲ ತಲೆ ಬಗ್ಗಿಸಬೇಕು. ಕೂಲಿ ಈಸಿಕೊಂಡವನು ಸಂಜೆ ಕೈಕಾಲು ತೊಳೆದು ತನ್ನ ದಾರಿ ಹಿಡಿಯುತ್ತಾನೆ, ಬೇಕಾದರೆ ಧಣಿಯನ್ನು ಬೈದುಕೊಂಡೇ ಹೋಗುತ್ತಾನೆ.

ಬಾಬಾಸಾಹೇಬರ ಬದುಕಿನಲ್ಲಿ ಈ ಗಂಟು ಚೆನ್ನಾಗಿ ಕಾಣುತ್ತದೆ. 1913ರಲ್ಲಿ 22 ವರ್ಷದ ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡದ ಸಯಾಜಿರಾವ್ ಗಾಯಕವಾಡರು ಕೊಟ್ಟ ತಿಂಗಳಿಗೆ ಹನ್ನೊಂದೂವರೆ ಪೌಂಡಿನಲ್ಲಿ, ಮೂರು ವರ್ಷದ ಮಟ್ಟಿಗೆ. ಆ ಹಣ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲೂ ಮನಸ್ಸು ಅಂಜುತ್ತದೆ. ಆದರೆ ಅದರ ಜೊತೆಗೆ ಒಂದು ಕರಾರು ಇತ್ತು: ಓದು ಮುಗಿದ ಮೇಲೆ ಹತ್ತು ವರ್ಷ ಬರೋಡ ಸಂಸ್ಥಾನದ ಚಾಕರಿ. 1917ರಲ್ಲಿ ಅವರು ಕರಾರಿನಂತೆ ಹೋದರು. ಆಫೀಸಿನ ಜವಾನರು ಫೈಲುಗಳನ್ನು ದೂರದಿಂದ ಎಸೆದರು, ತಂಗಿದ್ದ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಬಂದು ಹೊರಗಟ್ಟಿದರು. ಓದಿಸಿದ ಊರು ಮಲಗಲು ಒಂದು ಚಾಪೆಯಷ್ಟು ಜಾಗ ಕೊಡಲಿಲ್ಲ. ಹಣ ಕೊಟ್ಟ ಮಹಾರಾಜರು ಒಳ್ಳೆಯವರೇ. ಒಬ್ಬ ಒಳ್ಳೆಯವನ ಔದಾರ್ಯ ಊರಿನ ಬಾಗಿಲು ತೆಗೆಸಲಾರದು.

ಹತ್ತು ವಾರದ ಕೂಲಿಗೂ ಈ ಮಿತಿ ಇದ್ದೇ ಇದೆ. ಹನ್ನೊಂದನೇ ವಾರ ಆ ಹುಡುಗಿ ಎಲ್ಲಿಗೆ ಹೋಗುತ್ತಾಳೆ? ಕ್ಯುರೇಟರ್ ಕೆಲಸಕ್ಕೆ ಇನ್ನೂ ಎಂ.ಎ. ಬೇಕು, ಪಿಎಚ್.ಡಿ. ಬೇಕು, ಪರಿಚಯದವರು ಬೇಕು. ಆದರೂ ಕರಾರಿಲ್ಲದ, ಕೃತಜ್ಞತೆಯ ಹಂಗಿಲ್ಲದ ಕೂಲಿ ಅವಳಿಗೆ ಒಂದು ಹಕ್ಕು ಕೊಡುತ್ತದೆ: ಒಳಗೆ ಕಂಡದ್ದನ್ನು ಹೊರಗೆ ಬಂದು ಹೇಳುವ ಹಕ್ಕು.

ಈಗ ಇಷ್ಟಕ್ಕೂ ಕಲ್ಲು ಬಿದ್ದಿದೆ. 2023ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹಾರ್ವರ್ಡ್ ಮೊಕದ್ದಮೆಯಲ್ಲಿ, ಕಾಲೇಜು ಪ್ರವೇಶಕ್ಕೆ ಜನಾಂಗವನ್ನು ಗಣನೆಗೆ ತೆಗೆದುಕೊಳ್ಳಬಾರದು ಎಂದಿತು. ಆ ಮೊಕದ್ದಮೆಯ ಹಿಂದಿದ್ದ ಎಡ್ವರ್ಡ್ ಬ್ಲಮ್ ಅವರದೇ ಇನ್ನೊಂದು ಸಂಘಟನೆ 2024ರ ಫೆಬ್ರುವರಿಯಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ಲ್ಯಾಟಿನೊ ಮ್ಯೂಸಿಯಮ್ಮಿನ ಮೇಲೆ ಕೇಸು ಹಾಕಿತು. ತಪ್ಪೇನು? ಡಿಗ್ರಿ ವಿದ್ಯಾರ್ಥಿಗಳ ಇಂಟರ್ನ್‌ಶಿಪ್ಪಿನಲ್ಲಿ ಲ್ಯಾಟಿನೊ ಮಕ್ಕಳಿಗೆ ಒಲವು ತೋರಿಸಿದ್ದು. ಮಾರ್ಚಿನಲ್ಲಿ ರಾಜಿ ಆಯಿತು. ಎಲ್ಲ ಜನಾಂಗದವರಿಗೂ ಸಮಾನವಾಗಿ ತೆರೆದಿದೆ, ಯಾರಿಗೂ ಹೆಚ್ಚುಗಾರಿಕೆ ಇಲ್ಲ ಎಂದು ಮ್ಯೂಸಿಯಂ ಒಪ್ಪಿಕೊಂಡಿತು. ನೂರಕ್ಕೆ 84 ಕುರ್ಚಿಯಲ್ಲಿ ಕೂತವರಿಗೆ ಅನ್ಯಾಯವಾಗುತ್ತಿದೆ ಎಂಬ ಈ ರಾಗ ನಮಗೆ ಗೊತ್ತಿರುವುದೇ. ಮಂಡಲ್ ವರದಿ ಜಾರಿಗೆ ಬಂದ 1990ರಲ್ಲೂ ಕೇಳಿದ್ದೆವು ಎಂದು ನಮ್ಮ ಹಿರಿಯರು ಹೇಳುತ್ತಾರೆ.

ಇಲ್ಲೊಂದು ವಿಚಿತ್ರ ಇದೆ. ಕ್ಯಾಲಿಫೋರ್ನಿಯಾದಲ್ಲಿ 1996ರಲ್ಲೇ ಪ್ರಪೊಸಿಷನ್ 209 ಎಂಬ ಜನಮತದಿಂದ ಸರ್ಕಾರಿ ಕೆಲಸ, ಶಿಕ್ಷಣ, ಗುತ್ತಿಗೆಗಳಲ್ಲಿ ಜನಾಂಗದ ಆದ್ಯತೆ ರದ್ದಾಗಿತ್ತು. 2000ದಲ್ಲಿ ಕೌಂಟಿ ಶುರುಮಾಡಿದ ಯೋಜನೆ ಈ ಕಟ್ಟಿನೊಳಗೇ ಹುಟ್ಟಿತು. ಅಲ್ಲಿಯ ನಿವಾಸಿಯಾಗಿರಬೇಕು ಇಲ್ಲವೇ ಅಲ್ಲಿಯ ಕಾಲೇಜಿನಲ್ಲಿ ಓದುತ್ತಿರಬೇಕು, ಅಷ್ಟೇ ಷರತ್ತು. ಅಂದರೆ ಹೆಸರು ಹಿಡಿದು ಕರೆಯುವುದನ್ನು ಕೋರ್ಟು ನಿಲ್ಲಿಸಬಹುದು, ಕೂಲಿ ಕೊಡುವುದನ್ನು ನಿಲ್ಲಿಸಲಾಗುವುದಿಲ್ಲ. ಕೂಲಿ ಇದ್ದಲ್ಲಿಗೆ ಕೂಲಿ ಬೇಕಾದವರು ಬಂದೇ ಬರುತ್ತಾರೆ. ಇದು ಮೀಸಲಾತಿಗೆ ಬದಲಿ ಎಂದು ಯಾರೂ ತಿಳಿಯಬಾರದು. ಕೂಲಿ ದಾರಿಯ ಖರ್ಚು ತೀರಿಸುತ್ತದೆ, ಒಳಗೆ ಕುಳಿತು ಆರಿಸುವವನ ಕಣ್ಣನ್ನು ಅದು ಬದಲಿಸುವುದಿಲ್ಲ.

ನಮ್ಮ ಅಂಗಳಕ್ಕೂ ಒಂದು ಮಾತು. ಸಂಘ, ಶಿಬಿರ, ಪತ್ರಿಕೆ, ನಾಟಕ ತಂಡ ಎಂದು ನಾವೂ ಕಟ್ಟಿಕೊಂಡಿದ್ದೇವೆ. ಪೋಸ್ಟರು ಅಂಟಿಸುವವರು, ಪ್ರೂಫ್ ತಿದ್ದುವವರು, ಕುರ್ಚಿ ಹಾಕುವವರು ಡಿಗ್ರಿ ಹುಡುಗರೇ. ಯಾರೂ ಸಂಬಳ ತೆಗೆದುಕೊಳ್ಳದೆ, ಇದ್ದದ್ದನ್ನು ಹಂಚಿ ತಿಂದು ಮಾಡುವ ಕೆಲಸ ಬಿಟ್ಟಿಯಲ್ಲ, ಅದು ಮುಯ್ಯಾಳು. ಮೇಲಿನವನಿಗೆ ಗೌರವಧನ, ಕೆಳಗಿನವನಿಗೆ ಅನುಭವ ಎಂದಾದಾಗ ಅಲ್ಲಿ ದೊಡ್ಡಮನೆ ಹುಟ್ಟಿತು ಎಂದೇ ಅರ್ಥ, ಗೋಡೆಯ ಮೇಲೆ ಯಾರ ಫೋಟೋ ಇದ್ದರೂ. ಈ ಬೇಸಿಗೆಯ ಶಿಬಿರಕ್ಕೆ 'ಸ್ವಯಂಸೇವಕರು ಬೇಕಾಗಿದ್ದಾರೆ' ಎಂದು ಕರೆಯೋಲೆ ಅಚ್ಚು ಹಾಕಿಸುವ ಮೊದಲು ಖರ್ಚಿನ ಹಾಳೆ ಬಿಡಿಸಿ ನೋಡೋಣ. ಶಾಮಿಯಾನಕ್ಕೆ ಇಷ್ಟು, ಮೈಕಿಗೆ ಇಷ್ಟು, ಹಾರ ಶಾಲಿಗೆ ಇಷ್ಟು, ಅತಿಥಿಗಳ ಕಾರಿಗೆ ಇಷ್ಟು ಎಂದು ಬರೆದಿರುತ್ತೇವೆ. ಹುಡುಗರ ದಿನಗೂಲಿ ಯಾವ ಸಾಲಿನಲ್ಲಿದೆ?