ಬೆಳಗಿನಲ್ಲಿ ತಾಯಿಯ ಪಾಲು



ಇಂದು ಬೆಳಿಗ್ಗೆ ನೀವು ತಲೆ ಬಾಚಿಕೊಂಡದ್ದು ಯಾವಾಗ? ಮೊದಲ ತುತ್ತು ಬಾಯಿಗಿಟ್ಟದ್ದು ಎಷ್ಟು ಗಂಟೆಗೆ? ಮಕ್ಕಳನ್ನು ಶಾಲೆಗೆ, ಯಜಮಾನರನ್ನು ಕೆಲಸಕ್ಕೆ ಕಳುಹಿಸಿದ ಮೇಲೆ ಉಳಿದ ರೊಟ್ಟಿಯನ್ನು ಆರಿದ ಚಹಾದಲ್ಲಿ ಅದ್ದಿಕೊಂಡು ತಿಂದೆ ಎನ್ನುವ ತಾಯಂದಿರು ನಮ್ಮಲ್ಲಿ ಬಹಳ. ಹಾಗೆ ಹೇಳುವಾಗ ಅವರ ದನಿಯಲ್ಲಿ ದೂರಿಗಿಂತ ಹೆಮ್ಮೆಯೇ ಹೆಚ್ಚಾಗಿರುತ್ತದೆ. ತನ್ನನ್ನು ಮರೆತವಳೇ ಒಳ್ಳೆಯ ತಾಯಿ ಎಂದು ನಾವೆಲ್ಲ ನಂಬಿದ್ದೇವೆ. ಈ ನಂಬಿಕೆ ಸರಿಯೇ?

ಬಳ್ಳಾರಿಯ ಮಗ್ಗುಲಲ್ಲಿರುವ ಸಂಗನಕಲ್ಲಿನ ಗುಡ್ಡಗಳಲ್ಲಿ ಸುಮಾರು 4000 ವರ್ಷಗಳ ಹಿಂದೆ ನವಶಿಲಾಯುಗದ ಜನರು ಬದುಕಿದ್ದರು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಅಲ್ಲಿ ಉತ್ಖನನ ನಡೆಸಿದರು. ಅವರ ನಂತರದ ಸಂಶೋಧಕರಿಗೆ ಆ ಜನರು ಉಂಡ ಹುರುಳಿ, ಹೆಸರು ಮತ್ತು ಕಿರುಧಾನ್ಯಗಳ ಕರಕಲಾದ ಕಾಳುಗಳೂ ದೊರೆತಿವೆ. ಅರೆದೂ ಅರೆದೂ ಸವೆದು ಗುಳಿಬಿದ್ದ ಕಲ್ಲುಗಳೂ ಅಲ್ಲಿವೆ. ಕಲ್ಲಿನ ಸವೆತ ಇಂದಿಗೂ ಕಣ್ಣಿಗೆ ಕಾಣುತ್ತದೆ. ಅರೆದ ಕೈಗಳು ಎಷ್ಟು ಸವೆದವು ಎಂಬುದಕ್ಕೆ ಮಾತ್ರ ಯಾವ ಗುರುತೂ ಉಳಿದಿಲ್ಲ.

ಇಂದು ಹಿಟ್ಟಿನ ಗಿರಣಿ, ಮಿಕ್ಸಿ, ಗ್ಯಾಸ್ ಎಲ್ಲವೂ ಬಂದಿವೆ. ಆದರೂ ಸಂಗನಕಲ್ಲಿನಲ್ಲಾಗಲಿ, ಸಿರುಗುಪ್ಪ, ಕುರುಗೋಡಿನಲ್ಲಾಗಲಿ ತಾಯಿಯ ಬೆಳಗು ಹಗುರವಾಗಿಲ್ಲ. ನೀರು ಬಂದಾಗ ಕೊಡ ತುಂಬಬೇಕು, ರೊಟ್ಟಿ ಬಡಿಯಬೇಕು, ಮಕ್ಕಳ ಡಬ್ಬಿ ಕಟ್ಟಬೇಕು. ಜೀನ್ಸ್ ಹೊಲಿಗೆಗೆ ಹೋಗುವವಳಾದರೆ ಅಷ್ಟನ್ನೂ ಮುಗಿಸಿ ಹೊರಡಬೇಕು. 2019ರಲ್ಲಿ ಕೇಂದ್ರ ಸರಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಿದ್ದರು. ಪುರುಷರ ಲೆಕ್ಕ 97 ನಿಮಿಷ.

“ಹಿಂದಿನ ತಾಯಂದಿರು ಇದಕ್ಕಿಂತ ಹೆಚ್ಚು ದುಡಿದರು. ಅವರು ಎಂದಾದರೂ ಬಾಯಿ ಬಿಟ್ಟಿದ್ದರೇ?” ಎಂದು ಕೆಲವರು ಕೇಳುತ್ತಾರೆ. ಬಾಯಿ ಬಿಟ್ಟಿದ್ದರು. ಪ್ರವಾದಿವರ್ಯರ(ಸ) ಪುತ್ರಿ ಹಝ್ರತ್ ಫಾತಿಮಾ(ರ) ಬೀಸುವ ಕಲ್ಲಿನಿಂದ ಕೈಗಾದ ನೋವನ್ನು ಹೇಳಿಕೊಂಡು ಆಳೊಬ್ಬರನ್ನು ಕೇಳಲು ತಂದೆಯ ಮನೆಗೆ ಹೋದರು. ಪ್ರವಾದಿವರ್ಯರು(ಸ) ಆಳನ್ನು ಕೊಡಲಿಲ್ಲ, ನಿಜ. ಆದರೆ ಅದೇ ರಾತ್ರಿ ತಾವೇ ಮಗಳ ಮನೆಗೆ ಬಂದು, ಮಲಗುವ ಮುನ್ನ ಹೇಳಬೇಕಾದ ತಸ್ಬೀಹನ್ನು ಮಗಳಿಗೂ ಅಳಿಯನಿಗೂ ಕಲಿಸಿದರು. ದಣಿವನ್ನು ಹೇಳಿಕೊಂಡದ್ದು ತಪ್ಪೆಂದು ಗದರಲಿಲ್ಲ.

ಇನ್ನೊಂದು ಘಟನೆಯನ್ನು ಗಮನಿಸಿ. ಹಝ್ರತ್ ಸಲ್ಮಾನ್ ಫಾರಿಸಿ(ರ) ತಮ್ಮ ಸ್ನೇಹಿತ ಅಬುದ್ದರ್ದಾರ(ರ) ಮನೆಗೆ ಹೋದಾಗ ಆ ಮನೆಯೊಡತಿ ಮಾಸಿದ ಉಡುಪಿನಲ್ಲಿದ್ದರು. ಕಾರಣ ಕೇಳಿದರೆ, ನಿಮ್ಮ ಸಹೋದರನಿಗೆ ಇಹಲೋಕದ ಅಗತ್ಯವೇ ಇಲ್ಲವೆಂದರು. ಅಬುದ್ದರ್ದಾ(ರ) ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್‌ನಲ್ಲಿ ಕಳೆಯುತ್ತಿದ್ದರು. ಸಲ್ಮಾನ್(ರ) ಅವರನ್ನು ಕೂರಿಸಿ ಉಣ್ಣಿಸಿದರು, ರಾತ್ರಿ ಮಲಗಿಸಿದರು, ಕೊನೆಯ ಜಾವದಲ್ಲಿ ಎಬ್ಬಿಸಿ ಜೊತೆಗೂಡಿ ನಮಾಝ್ ಮಾಡಿದರು. ಪ್ರಭುವಿನ ಹಕ್ಕು, ಸ್ವಂತ ದೇಹದ ಹಕ್ಕು, ಮನೆಯವರ ಹಕ್ಕು, ಮೂರನ್ನೂ ಸಲ್ಲಿಸಬೇಕೆಂದು ತಿಳಿಹೇಳಿದರು. ಈ ಮಾತು ಸತ್ಯವೆಂದು ಪ್ರವಾದಿವರ್ಯರು(ಸ) ಒಪ್ಪಿದರು.

ಸಲ್ಮಾನರ(ರ) ಕಣ್ಣಿಗೆ ಮೊದಲು ಬಿದ್ದದ್ದು ಆ ಮಹಿಳೆಯ ಮಾಸಿದ ಉಡುಪು. ಆದರೆ ಅವರು ಉಪದೇಶಿಸಿದ್ದು ಆಕೆಗಲ್ಲ, ಗಂಡನಿಗೆ. ನಾವಾದರೋ ಸೊರಗಿದ ತಾಯಿಗೇ ಬುದ್ಧಿ ಹೇಳುತ್ತೇವೆ: “ನಿನ್ನ ಆರೋಗ್ಯ ನೀನೇ ನೋಡಿಕೊಳ್ಳಬಾರದೇ?” ಆಕೆಯ ಕೈಯಲ್ಲಿ ಬಿಡುವೇ ಇಲ್ಲದಾಗ ಈ ಮಾತು ಇನ್ನೊಂದು ಹೊರೆಯಷ್ಟೆ.

ತ್ಯಾಗಕ್ಕೆ ಪ್ರತಿಫಲವಿಲ್ಲವೇ? ಖಂಡಿತ ಇದೆ. ಆದರೆ ನಮ್ಮದನ್ನು ಕೊಡುವುದು ತ್ಯಾಗ. ದೇಹವು ಅಲ್ಲಾಹನು ಒಪ್ಪಿಸಿದ ಅಮಾನತ್. ಅಮಾನತನ್ನು ಹಾಳುಗೆಡಹುವುದನ್ನು ತ್ಯಾಗವೆನ್ನಲಾಗದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆಯಿತ್ತು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ತಾಯಿಯನ್ನು ಮಗಳು ನೋಡುತ್ತಾಳೆ, ನಾಳೆ ತಾನೂ ಹಾಗೆಯೇ ಉಣ್ಣುತ್ತಾಳೆ. ಮಗನೂ ನೋಡುತ್ತಾನೆ, ನಾಳೆ ತನ್ನ ಹೆಂಡತಿಯಿಂದ ಅದನ್ನೇ ಬಯಸುತ್ತಾನೆ.

ಹಾಗಾದರೆ ಏನು ಮಾಡೋಣ? ಖರ್ಚಿನ ಮಾತೇನೂ ಇಲ್ಲ. ಮನೆಯಲ್ಲಿ ತಾಯಿ ಬಹುತೇಕ ಎಲ್ಲವನ್ನೂ ಇತರರ ಪರವಾಗಿ ಮಾಡುತ್ತಾಳೆ. ಇನ್ನೊಬ್ಬರ ಪರವಾಗಿ ವುಝೂ ಮಾತ್ರ ಮಾಡಲಾಗದು. ಫಜ್ರ್‌ನ ವುಝೂವನ್ನು ಅವಸರಿಸಬೇಡಿ. ಹಲ್ಲುಜ್ಜಿ, ಕೈ, ಮುಖ, ಕಾಲುಗಳಿಗೆ ತಣ್ಣೀರು ಸೋಕುವುದನ್ನು ಅನುಭವಿಸಿ. ಒಲೆಯ ಮೇಲೆ ಹಾಲಿಟ್ಟು ಕಾಗೆ ಕಾಳು ಕುಕ್ಕಿದಂತೆ ಸಜ್ದಾ ಮಾಡಬೇಡಿ. ಹಾಲು ಹತ್ತು ನಿಮಿಷ ಕಾಯಲಿ. ನಮಾಝ್ ಮುಗಿಸಿ ಒಂದು ಲೋಟ ನೀರು ಕುಡಿಯಿರಿ, ತಲೆ ಬಾಚಿಕೊಳ್ಳಿ, ತಂಪು ಗಾಳಿಗೆ ಸ್ವಲ್ಪ ಹೊತ್ತು ಬಾಗಿಲಲ್ಲಿ ಕೂರಿ. ಮಕ್ಕಳ ಜೊತೆಯಲ್ಲೇ ಬಿಸಿಯಾದುದನ್ನು ಉಣ್ಣಿರಿ. ಚಹಾವನ್ನು ಊಟದ ಜೊತೆಗೆ ಬೇಡ, ಸ್ವಲ್ಪ ಹೊತ್ತು ಬಿಟ್ಟು ಕುಡಿಯಿರಿ. ಜೊತೆಗೇ ಕುಡಿದರೆ ಆಹಾರದ ಕಬ್ಬಿಣದಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ.

ಈ ಪುಟವನ್ನು ಓದುತ್ತಿರುವ ಸಹೋದರರೇ, ಈ ಅರ್ಧ ಗಂಟೆ ಆಕಾಶದಿಂದ ಉದುರುವುದಿಲ್ಲ. ಪ್ರವಾದಿವರ್ಯರು(ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸಕ್ಕೆ ಕೈಜೋಡಿಸುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಮಸೀದಿಯಿಂದ ಮರಳಿದ ನಾವು ಮತ್ತೆ ಚಾದರ ಹೊದ್ದು ಮಲಗುವ ಬದಲು ಎರಡು ಕೊಡ ನೀರು ತುಂಬಿದರೆ, ಮಕ್ಕಳನ್ನು ಎಬ್ಬಿಸಿ ಮುಖ ತೊಳೆಸಿದರೆ, ಅದೂ ಸುನ್ನತ್ತಿನ ಪಾಲನೆಯೇ. ಅದನ್ನು ಉಪಕಾರವೆಂದು ಎಣಿಸಬಾರದು. ಅದು ಆಕೆಗೆ ಸಲ್ಲಬೇಕಾದ ಹಕ್ಕು.

ಪ್ರತಿಯೊಬ್ಬರ ಹಕ್ಕನ್ನೂ ಸಲ್ಲಿಸುವವರ ಸಾಲಿಗೆ ಅಲ್ಲಾಹನು ನಮ್ಮನ್ನು ಸೇರಿಸಲಿ. ಆಮೀನ್.